ಹೊಳೆಮಣ್ಣೂರಿನ ಐದು ಹಿಡಿ ಅಕ್ಕಿ

ಹೊಳೆಮಣ್ಣೂರಿನಲ್ಲಿ ಮಲಪ್ರಭೆ ನುಗ್ಗಿ ಹೋಗಿದ್ದ ಮನೆ. ಗೋಡೆಗೆ ನನ್ನ ಎದೆಮಟ್ಟದ ಕೆಸರಿನ ಗೆರೆ. ಮಂಗಳೂರಿನ ನಮ್ಮ ಚರ್ಚಿನವರು ಕೊಟ್ಟ ಅಕ್ಕಿ ಚೀಲವನ್ನು ಮನೆಯೊಡತಿ ಶಾಂತವ್ವನವರ ಮುಂದಿಟ್ಟು, ಪ್ರಾರ್ಥನೆ ಮಾಡೋಣವೇ ಎಂದು ಕೇಳಿದೆ.

"ತಡಿಯವ್ವಾ" ಎಂದವರೇ ಚೀಲದ ಬಾಯಿ ಬಿಚ್ಚಿದರು. "ಉಡಿ ಒಡ್ಡು."

ನನಗೆ ತಿಳಿಯಲಿಲ್ಲ. ಜೊತೆಗಿದ್ದ ರೋಣದ ಪಾಸ್ಟರು, ಮಡಿಲಿನಂತೆ ಹಿಡಿಯಿರಿ ಎಂದು ನನ್ನ ದುಪಟ್ಟಾ ತೋರಿಸಿದರು. ಒಡ್ಡಿದೆ. ಶಾಂತವ್ವ ನಾವು ತಂದ ಅಕ್ಕಿಯನ್ನೇ ಐದು ಹಿಡಿ ಅದಕ್ಕೆ ಸುರಿದರು.

"ಅಯ್ಯೋ, ಇದು ನಿಮಗೆ ತಂದದ್ದು!"

"ಹೌದಲ್ಲ, ಈಗ ನಂದಾತು. ಮನಿಗೆ ಬಂದ ಹೆಣ್ಣಮಗಳನ್ನ ಬರೇ ಉಡೀಲೆ ಹ್ಯಾಂಗ ಕಳಸಲಿ?"

ಬೇಡವೆನ್ನಬೇಕೋ, ಕಾಲಿಗೆರಗಬೇಕೋ? ಅಷ್ಟರಲ್ಲಿ ಪಾಸ್ಟರು ಕಣ್ಣು ಮುಚ್ಚಿ, "ಪ್ರಾರ್ಥಿಸೋಣ" ಎಂದರು. ಕೈ ಜೋಡಿಸಲು ಹೋದೆ. ಎರಡೂ ಕೈಯಲ್ಲಿ ಉಡಿ.