ಕರಡು ಬರೆಯುವ ಯಾದಮ್

ಉಲಾನ್‌ಬಾತರಿನ ನಮ್ಮ ಕಚೇರಿಯಲ್ಲಿ ಯಾದಮ್ ಹನ್ನೊಂದು ವರ್ಷಗಳಿಂದ ಒಂದೇ ಪುಸ್ತಕ ಬರೆಯುತ್ತಿದ್ದಾರೆ: ಹವಾಮಾನ ಕೆಡುತ್ತಿರುವಾಗ ದೇಶ ಬದುಕುವುದು ಹೇಗೆ ಎಂಬ ಸರ್ಕಾರಿ ಯೋಜನೆ. ಒಬ್ಬ ಮೇಲಧಿಕಾರಿಗೆ ‘ಮಾಡಲಾಗುವುದು’ ಬೇಕು, ಮುಂದಿನವರಿಗೆ ‘ಪರಿಶೀಲಿಸಲಾಗುವುದು’. ಯಾದಮ್ ಎರಡನ್ನೂ ಅಷ್ಟೇ ಶ್ರದ್ಧೆಯಿಂದ ತಿದ್ದುತ್ತಾರೆ. ಹುಲ್ಲುಗಾವಲಿನಿಂದ ಕುರಿಗಾಹಿಗಳು ಬಂದರೆ ಉಪ್ಪು ಹಾಕಿದ ಹಾಲಿನ ಚಹಾ ತಾವೇ ಬಗ್ಗಿಸಿ ಕೊಟ್ಟು, “ಹೇಳಿ ಅಜ್ಜಾ, ಎಲ್ಲಾ ಬರ್ಕೊಳ್ತೀನಿ” ಅನ್ನುತ್ತಾರೆ. “ಬರ್ದು ಬರ್ದು ನಿನ್ ಕೂದ್ಲು ಬೆಳ್ಳಗಾಯ್ತಲ್ಲೋ, ಹುಲ್ಲೆಲ್ಲಪ್ಪಾ?” ಎಂದು ಒಬ್ಬ ಮುದುಕ ಕೇಳಿದಾಗ ಅದನ್ನೂ ಬರೆದುಕೊಂಡರು. ಕಳೆದ ಬೇಸಿಗೆಯಲ್ಲಿ ಪುಟ ಕಡಿಮೆ ಮಾಡಲು ಮೇಲಿನಿಂದ ಅಪ್ಪಣೆಯಾಯಿತು. ತಮ್ಮವರಿಗೆ ಮಾಡಿಕೊಂಡ ಎಂದು ಯಾರೂ ಆಡಿಕೊಳ್ಳಬಾರದೆಂದು ಯಾದಮ್ ಮೊದಲು ಹೊಡೆದುಹಾಕಿದ್ದು ತಮ್ಮ ಹುಟ್ಟೂರಿನಲ್ಲಿ ಕಟ್ಟಬೇಕಿದ್ದ ಹುಲ್ಲಿನ ಗೋದಾಮಿನ ಪುಟವನ್ನೇ. ಆ ಚಳಿಗಾಲ ಹಿಮ ಕಲ್ಲಿನಂತೆ ಗಟ್ಟಿಯಾಗಿ, ಕುರಿಗಳಿಗೆ ಅಡಿಯ ಹುಲ್ಲು ಎಟುಕಲಿಲ್ಲ. ಊರಿನಿಂದ ಅಕ್ಕ ಫೋನು ಮಾಡಿದಳು. ಅವಳ ಕೂಗು ನಮಗೆಲ್ಲ ಕೇಳುತ್ತಿತ್ತು. “ನಿಂತಲ್ಲೇ ಸಾಯ್ತಿವೆ ಕಣೋ! ನಮ್ಮೂರಲ್ಲಿ ಹುಲ್ಲು ಇಡ್ತಾರೆ ಅಂದಿದ್ಯಲ್ಲ?” ಯಾದಮ್, “ಯೋಜನೇಲಿ ಇದೆ ಅಕ್ಕಾ” ಅಂದರು. “ನೀನೇ ಬರ್ದಿದೀಯ ಅಂದ್ಮೇಲೆ ಬರತ್ತೆ ಬಿಡು,” ಎಂದಳು ಅಕ್ಕ, “ಇಲ್ಲಿ ಎಲ್ರಿಗೂ ಹೇಳ್ತೀನಿ, ಕಾಯ್ಲಿ.”