ಮಾಡೀ ಮನೆಯ ರಿಚಾರ್ಜ್

ನಂಬರ್ ಕೇಳದೆಯೇ ಫೋನಿಗೆ ರಿಚಾರ್ಜ್ ಮಾಡುವ ಊರೊಂದಿದೆ ಎಂದರೆ ತಿಪಟೂರಿನ ನೀವು ನಂಬುತ್ತೀರಾ? ಮಹಾರಾಷ್ಟ್ರದ ಮಿರಜಕ್ಕೆ ಬಂದ ಹೊಸದರಲ್ಲಿ, ಹಳೇ ರಿಚಾರ್ಜ್ ಮುಗಿಯುತ್ತಾ ಬಂದಾಗ, ಮನೆ ಕೆಳಗಿನ ಕಿರಾಣಿ ಅಂಗಡಿಗೆ ಹೋಗಿ "ಒಂದು ತಿಂಗಳಿನದು ಹಾಕಿ" ಅಂದೆ. ಅಂಗಡಿಯ ಚನ್ನಪ್ಪ ಕಾಕಾ ಕನ್ನಡಕದ ಮೇಲಿಂದ ನೋಡಿ, "ನೀವು ವಾಡೇದ ಮಾಡೀ ಮ್ಯಾಲಿನವರಲ್ಲೇನ್ರಿ?" ಅಂದರು. ಹೌದು ಅಂದೆ. ಫೋನಿನ ಮೇಲೆ ಬೆರಳಾಡಿಸಿ, "ಆತ್ ನೋಡ್ರಿ" ಅಂದುಬಿಟ್ಟರು. ಮನೆ ಮಾಲೀಕರು ನನ್ನ ನಂಬರ್ ಕೊಟ್ಟಿರಬೇಕು ಅಂದುಕೊಂಡು ದುಡ್ಡು ಕೊಟ್ಟು ಬಂದೆ.

ವಾಡಾ ಎಂದರೆ ಅಂಗಳದ ಸುತ್ತ ನಾಲ್ಕಾರು ಬಿಡಾರಗಳಿರುವ ಹಳೇ ಮನೆ. ಮಾಡೀ ಎಂದರೆ ಮಹಡಿ. ನಾನಿರುವುದು ಅಲ್ಲಿಯ ಒಂದು ಕೋಣೆಯಲ್ಲಿ. ನಮ್ಮೂರು ತಿಪಟೂರಿನಲ್ಲಿ ನನ್ನನ್ನು ಎಕ್ಸ್‌ರೇ ಗಿರಿಜಾ ಅನ್ನುತ್ತಿದ್ದರು. ಇಲ್ಲಿಯೂ ಆಸ್ಪತ್ರೆಯೊಂದರಲ್ಲಿ ಅದೇ ಕೆಲಸ, ಆದರೆ ಓಣಿಗೆ ನಾನು ಮಾಡೀ ಮ್ಯಾಲಿನವರು, ಅಷ್ಟೇ. ಕಡ್ಲೆಪುರಿಗೆ ಬೆಳ್ಳುಳ್ಳಿ ಖಾರ ಹಚ್ಚಿ ಭಡಂಗ ಎಂದು ಹೆಸರಿಟ್ಟು ಕೊಟ್ಟರೆ ತಿನ್ನಬಹುದು, ಬಲು ರುಚಿ. ನನ್ನ ಹೆಸರನ್ನೇ ಕಿತ್ತುಹಾಕಿದರೆ ಹೇಗ್ರೀ ಬದುಕೋದು? ಕಾಕಾ ಒಬ್ಬರೇ ನನಗೆ ಸಮಾಧಾನ. ಅವರ ಮನೆತನ ತಲೆಮಾರುಗಳಿಂದ ಇಲ್ಲೇ ವ್ಯಾಪಾರ ಮಾಡಿಕೊಂಡಿದೆ. ಗಿರಾಕಿಯ ಜೊತೆ ಮರಾಠಿ, ಒಳಗಿರುವ ಹೆಂಡತಿಯ ಜೊತೆ ಕನ್ನಡ, ಒಂದೇ ಉಸಿರಿನಲ್ಲಿ.

ಆ ರಿಚಾರ್ಜ್ ನನಗೆ ಎಷ್ಟು ಮುಖ್ಯವಾಗಿತ್ತು ಅಂತ ಹೇಳಬೇಕು. ನಮ್ಮ ಕಡೆಗೇ ವಾಪಸು ಬರಬೇಕೆಂದು ಹಾಸನದ ಆಸ್ಪತ್ರೆಯೊಂದಕ್ಕೆ ಅರ್ಜಿ ಹಾಕಿದ್ದೆ. ಆಯ್ಕೆಯಾದರೆ ಈ ವಾರ ಫೋನ್ ಮಾಡುತ್ತೇವೆ ಎಂದಿದ್ದರು. ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗುತ್ತಿದ್ದೆ. ಒಂದು ಬೆಳಿಗ್ಗೆ ಆಸ್ಪತ್ರೆಯ ಗೆಳತಿ, "ನಿಮ್ಮ ಫೋನಿಗೆ ಎಷ್ಟ್ ಹಚ್ಚಿದ್ರೂ ಹತ್ತವಲ್ದು, ಬಂದ್ ಐತಿ ಅಂತ ಹೇಳ್ತೈತಿ" ಅಂದಳು.

ಅಂಗಡಿಗೆ ಓಡಿದೆ. ಕಾಕಾ ತಮ್ಮ ಫೋನ್ ತೋರಿಸಿದರು. ರಿಚಾರ್ಜ್ ಆಗಿದೆ, ಆದರೆ ಆ ನಂಬರ್ ನನ್ನದಲ್ಲ.

"ಏನ್ ಕಾಕಾ ಇದು! ನನ್ನ ನಂಬರೇ ಕೇಳ್ಲಿಲ್ವಲ್ಲ ನೀವು!"

"ಮಾಡೀ ಮನೀದು ಇದ ನಂಬರ್ ಅಲ್ಲೇನ್ರಿ ಅಕ್ಕಾರ? ವರ್ಷಗಟ್ಟಲೆ ಇದಕ್ಕ ಹಾಕೇನಿ," ಅಂದವರು ನಾಲಿಗೆ ಕಚ್ಚಿಕೊಂಡರು. "ಅಯ್ಯ ಶಿವನ! ಇದು ಸುನಂದಾಂದು."

ನನಗಿಂತ ಮೊದಲು ಆ ಕೋಣೆಯಲ್ಲಿದ್ದ ಸುನಂದಾ ಗಂಡನ ಕೆಲಸದಿಂದಾಗಿ ಮಂಗಳೂರಿಗೆ ಹೋಗಿದ್ದಾರೆ. ಈ ಓಣಿಯಲ್ಲಿ ಕಾಕಾ ಯಾರ ನಂಬರನ್ನೂ ಕೇಳುವುದಿಲ್ಲ, ಮನೆ ಯಾವುದೆಂದು ಕೇಳುತ್ತಾರೆ. ಮನೆಗೊಂದು ನಂಬರ್. ಒಳಗಿನ ಮನುಷ್ಯರು ಬದಲಾದದ್ದು ಅವರ ಬೆರಳಿಗೆ ಇನ್ನೂ ಗೊತ್ತಾಗಿರಲಿಲ್ಲ.

ದುಡ್ಡು ವಾಪಸು ಪಡೆಯುವ ಹಕ್ಕು ನನಗಿದೆ ತಾನೆ? ಕಾಕಾರ ಫೋನಿನಿಂದಲೇ ಕಂಪನಿಗೆ ಫೋನ್ ಹಚ್ಚಿದೆ. ಮರಾಠಿಯಲ್ಲಿ ಒಬ್ಬಳು ಬಂದಳು. ರಿಚಾರ್ಜ್ ಯಶಸ್ವಿಯಾಗಿದೆ, ಯಶಸ್ವಿಯಾದದ್ದನ್ನು ಮರಳಿಸುವುದಿಲ್ಲ, ಅಷ್ಟಕ್ಕೂ ನಿಮ್ಮದು ಕರ್ನಾಟಕದ ನಂಬರ್, ಅಲ್ಲಿ ಕೇಳಿ ಎಂದಳು. ಅಲ್ಲಿ ಕೇಳಿದೆ. ಕನ್ನಡ ಕೇಳಿ ಜೀವ ಬಂತು. ಆದರೆ ಅಂಗಡಿ ಮಹಾರಾಷ್ಟ್ರದ್ದು ಮೇಡಂ, ದೂರನ್ನು ಅಲ್ಲೇ ಕೊಡಬೇಕು ಅಂದ ಆ ಪುಣ್ಯಾತ್ಮ. ಹಾಗಾದರೆ ನಾನು ಎಲ್ಲಿಯವಳಪ್ಪಾ ಎಂದು ಕಿರುಚಿದೆ. ಬೇರೇನಾದರೂ ಸಹಾಯ ಬೇಕೇ ಎಂದು ಕೇಳಿದ. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಅಕ್ಕಿ ಮೂಟೆಯ ಮೇಲೆ ಕೂತೆ.

"ಅವರನ್ನ ಬಿಡ್ರಿ, ತಪ್ಪು ನಂದ ಐತಿ. ಸುನಂದಾಗ ಕೇಳೂಣು, ಆಕಿ ತಿರುಗಿ ಹಾಕ್ತಾಳ," ಎಂದು ಕಾಕಾ ಫೋನ್ ಹಚ್ಚಿ ಸ್ಪೀಕರ್ ಒತ್ತಿದರು.

ಕಾಕಾ ಬಾಯಿ ತೆರೆಯುವ ಮೊದಲೇ ಆ ಕಡೆ ಅಳು. ಮಧ್ಯೆ ಮಧ್ಯೆ ಮರಾಠಿ. ಅಲ್ಲಿ ಯಾರೂ ತನ್ನ ಭಾಷೆ ಆಡುವುದಿಲ್ಲವಂತೆ. ಮಿರಜದಿಂದ ಫೋನ್ ಮಾಡುವವರೂ ಇಲ್ಲವೆಂದು ಈ ನಂಬರನ್ನು ಬಿಟ್ಟೇಬಿಡೋಣ ಅಂದುಕೊಂಡಿದ್ದರಂತೆ. ಅಷ್ಟರಲ್ಲಿ ರಿಚಾರ್ಜ್ ಬಂತು. "ಕಾಕಾ, ಕೋಣೀತರೀ ಆಠವಣ ಠೇವಲೀ," ಎಂದರು. ಯಾರೋ ನೆನಪಿಟ್ಟುಕೊಂಡರಲ್ಲ ಎಂದರ್ಥ. ಅದನ್ನು ನಾನು ಯಾರನ್ನೂ ಕೇಳಿ ತಿಳಿಯಬೇಕಾಗಲಿಲ್ಲ.

ಕಾಕಾ ನನ್ನ ಮುಖ ನೋಡಿದರು. ಅದು ತಪ್ಪಿ ಬಂದದ್ದೆಂದು ಹೇಳಲೋ ಬೇಡವೋ ಎಂಬ ನೋಟ. ಬೇಡ ಎಂದು ಕೈಯಾಡಿಸಿದೆ. ಯಾಕೆ ಹಾಗೆ ಮಾಡಿದೆನೋ, ಹಕ್ಕು ಹಕ್ಕು ಅಂತ ಆಗಷ್ಟೇ ಕೂಗಾಡಿದವಳು ನಾನೇ. ಕಾಕಾ, ಆರಾಮ ಇರು ಮಗಳೇ ಎಂದು ಮರಾಠಿಯಲ್ಲಿ ಹೇಳಿ ಫೋನ್ ಇಟ್ಟರು. ಆಮೇಲೆ ನನ್ನ ನಂಬರನ್ನು ಎರಡು ಸಲ ಕೇಳಿ, ತಮ್ಮ ಕೈಯಿಂದಲೇ ದುಡ್ಡು ಹಾಕಿ ರಿಚಾರ್ಜ್ ಮಾಡಿದರು. ದುಡ್ಡು ಚಾಚಿದರೆ, "ಸುಮ್ ಕುಂದ್ರಿ ಅಕ್ಕಾರ," ಎಂದು ಗದರಿದರು.

ಫೋನಿಗೆ ಜೀವ ಬರುತ್ತಲೇ ಮೆಸೇಜುಗಳು ಬಂದವು. ಹಾಸನದಿಂದ ಕರೆ ಬಂದಿತ್ತು, ಒಂದಲ್ಲ ಎರಡು ಸಲ. ಅಲ್ಲಿಂದಲೇ ತಿರುಗಿ ಮಾಡಿದೆ. ಕೆಲಸ ನನಗೇ ಸಿಕ್ಕಿದೆ, ಬರುವುದು ಖಾತ್ರಿಯೇ ಎಂದು ಸೋಮವಾರದೊಳಗೆ ತಿಳಿಸಬೇಕು ಎಂದರು. ಕುಣಿದಾಡಬೇಕಾದವಳು "ಯೋಚಿಸಿ ಹೇಳ್ತೀನಿ" ಅಂದುಬಿಟ್ಟೆ. ನನಗೇನಾಗಿದೆ? ನೀವಾದರೂ ಹೇಳಿ.

"ಊರಿಗೆ ಹೊಂಟ್ರೇನ್ರಿ?" ಕಾಕಾ ಕೇಳಿದರು.

"ಗೊತ್ತಿಲ್ಲ ಕಾಕಾ."

ಅವರು ತಮ್ಮ ಫೋನಿನಲ್ಲಿ ಮಾಡೀ ಮನೆಗೆ ನನ್ನ ನಂಬರ್ ಸೇರಿಸಿಕೊಳ್ಳುತ್ತಾ, ಸುನಂದಾಳದನ್ನು ಅಳಿಸಲೇ ಎಂದು ಕೇಳಿದರು. ಬೇಡ, ಅದೂ ಇರಲಿ ಅಂದೆ. ಹಾಸನಕ್ಕೆ ಹೋದರೂ ಹೋದೇನು. ಹೋದ ಮೇಲೆ ಎಂದಾದರೊಂದು ದಿನ, ಆ ಕೋಣೆಗೆ ಬಂದ ಇನ್ಯಾರದೋ ರಿಚಾರ್ಜ್ ಕಾಕಾನ ಕೈತಪ್ಪಿ ನನ್ನ ಫೋನಿಗೆ ಬರಲಿ ಎಂದು ಆಗಲೇ ಆಸೆಯಾಗಿಬಿಟ್ಟಿತ್ತು.