ಮಿಕ್ಸಿ ತಿರುಗದ ಸೋಮವಾರ

ಬಂದ ಮೊದಲ ದಿನ ಬಟ್ಟೆ ಒಣಹಾಕ್ತಾ ಇದ್ದೆ. ಹೊಲದಾಚೆ ನಿಂತಿದ್ದ ಕಬ್ಬಿಣದ ಬಟ್ಟಲು, ನಮ್ಮ ಸಿಂಗಟಗೆರೆಯ ಮನೆ ಕೊಟ್ಟಿಗೆ ಸಮೇತ ಅದರೊಳಗೆ ಕೂರುತ್ತೆ, ಯಾರೂ ಮುಟ್ಟದೆ ಮೆಲ್ಲಗೆ ತಿರುಗಿ ನನ್ನ ಕಡೆ ಮುಖ ಮಾಡ್ತು. ಕೈಲಿದ್ದ ಸೀರೆ ನೆಲಕ್ಕೆ ಬಿತ್ತು. ಅದರಾಚೆ ಇನ್ನೊಂದು, ಮತ್ತೊಂದು, ಎಲ್ಲದರ ಮುಖವೂ ಒಂದೇ ಕಡೆ! ಪಕ್ಕದ ಮನೆ ಶಾಂತಾಬಾಯಿ ನಕ್ಕು, "ಘಾಬರೂ ನಕಾ, ಆಜಿ" ಅಂದಳು. ಹೆದರಬೇಡಿ ಅಜ್ಜಿ ಅಂತ. ನಾನು ಕಲಿತ ಮೊದಲ ಮರಾಠಿ ಅದೇ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕಡೂರು, ತರೀಕೆರೆ, ಅಜ್ಜಂಪುರ ದಾಟಿ ಬಾಳಿದವಳಲ್ಲ. ಮೊಮ್ಮಗಳು ನಂದಿನಿಗೆ ಪುಣೆ ಆಚೆಯ ಈ ರೇಡಿಯೋ ದೂರದರ್ಶಕದ ಸಂಸ್ಥೆಯಲ್ಲಿ ಕೆಲಸ. ಮನೆ ಕೊಟ್ಟಿದ್ದಾರೆ, ಬಾ ಅಜ್ಜಿ ಅಂದಳು, ಬಂದ್ಬಿಟ್ಟೆ. ಬಟ್ಟಲುಗಳು ಕಣ್ಣಲ್ಲವಂತೆ, ಕಿವಿಯಂತೆ. ಆಕಾಶದಲ್ಲಿ ಎಲ್ಲೋ ದೂರ ಹುಟ್ಟಿದ ಅಲೆಗಳನ್ನು ಹಿಡಿಯುತ್ತವೆ. ಎಷ್ಟು ಸೂಕ್ಷ್ಮ ಅಂದರೆ, ಹತ್ತಿರದ ಮೋಟರಿನಲ್ಲಿ ಕಿಡಿ ಹಾರಿದರೂ ಅವಕ್ಕೆ ಕಿವಿಯಲ್ಲಿ ಕೂಗಿದ ಹಾಗೆ.

"ಮೋಟರ್ ಇರೋದು ಏನೂ ತರಬೇಡ" ಅಂತ ಫೋನಿನಲ್ಲಿ ಹೇಳಿದ್ದಳು. ಮುದುಕಿ ಹೊರಲಾರಳು ಅಂತ ಹೇಳ್ತಿದಾಳೆ ಅಂದ್ಕೊಂಡು ಹಳೇ ಮಿಕ್ಸೀನ ಕಂಬಳಿಯಲ್ಲಿ ಸುತ್ತಿ ತಂದೆ. ಇಲ್ಲಿನ ಭಾಕರಿ, ಅಂದರೆ ಸಜ್ಜೆ ರೊಟ್ಟಿ, ಚಟ್ನಿ ಇಲ್ಲದೆ ನನ್ನ ಗಂಟಲಲ್ಲಿ ಇಳಿಯಲ್ಲ. ಅವಳು ಬೆಳಿಗ್ಗೆ ಕೆಲಸಕ್ಕೆ ಹೋದ ಮೇಲೆ ಒಂದು ಸುತ್ತು ತಿರುಗಿಸೋದು, ಬೈತಾಳೆ ಅಂತ ಮತ್ತೆ ಕಂಬಳಿಗೆ ಸೇರಿಸೋದು.

ಹಿಂಗೇ ಕೆಲವು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ನಂದಿನಿ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದಳು. ಆಕಾಶದ ಒಂದೇ ಜಾಗದಿಂದ ಮೂರು ಸಲ ಏನೋ ಮಿಡಿದದ್ದನ್ನು ಹಿಡಿದು, ಅದರ ಮೇಲೆ ಸಂಶೋಧನೆಯ ಪೇಪರ್ ಬರೆದು ಕಳಿಸಿದ್ದಳು. ಅದನ್ನು ಪರೀಕ್ಷಿಸಿದವರು ಕೇಳಿದ್ದರು: ಇದು ಆಕಾಶದ್ದೋ, ನಿಮ್ಮ ಅಕ್ಕಪಕ್ಕದ ಯಂತ್ರದ್ದೋ? ತೋರಿಸದಿದ್ದರೆ ಪೇಪರ್ ವಾಪಸ್.

"ಅಜ್ಜೀ, ಮಿಕ್ಸಿ ತಂದಿದೀಯಾ?"

ನನ್ನ ಕಣ್ಣು ಕಂಬಳಿ ಗಂಟಿನ ಕಡೆ ಹೋಯ್ತು.

"ಚಟ್ನಿ ಅಷ್ಟು ನುಣ್ಣಗೆ ಹೆಂಗೆ ಬರುತ್ತೆ ಅಂತ ನಾನಾದ್ರೂ ಕೇಳ್ಬೇಕಿತ್ತು! ಮೂರು ಸಲಾನೂ ಬೆಳಿಗ್ಗೇನೇ ಬಂದಿರೋದು. ಒಂದು ಬುಧವಾರ, ಒಂದು ಶುಕ್ರವಾರ, ಒಂದು ಸೋಮವಾರ."

"ಸೋಮವಾರದ್ದು ನಂದಲ್ಲ ಕಣೇ."

ನಮ್ಮ ಮನೆತನದಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗವಿಲ್ಲ, ಅಡುಗೆಮನೆಯಲ್ಲಿ ಒರಳಿಗೂ ರಜ. ಅತ್ತೆ ಕಲಿಸಿದ್ದು. ಒರಳು ಹೋಗಿ ಮಿಕ್ಸಿ ಬಂದ ಮೇಲೂ ಬಿಟ್ಟಿಲ್ಲ.

"ಮರೆತು ಹಾಕಿದ್ರೆ?"

"ಲಿಂಗ ಮುಟ್ಟಿ ಹೇಳ್ತೀನಿ."

"ಇಲ್ಲಿ ಆಣೆ ನಡೆಯಲ್ಲ ಅಜ್ಜಿ. ಗುರುತು ತೋರಿಸ್ಬೇಕು."

ಮಿಕ್ಸಿ ಅವಳ ಕಂಕುಳಲ್ಲಿ ಕೂತು, ಸಿಕ್ಕಿಬಿದ್ದ ಕಳ್ಳನ ಹಾಗೆ ಹೋಯ್ತು. ಅದರ ಸದ್ದನ್ನೂ ಹಿಡಿದು ಗೆರೆ ಮಾಡಿ ಹೋಲಿಸ್ತಾರಂತೆ. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಹುಡುಗಿಯ ಇಷ್ಟು ದಿನದ ದುಡಿಮೆ ನನ್ನ ನಾಲಿಗೆ ಚಪಲಕ್ಕೆ ಹೋಯ್ತಲ್ಲ ಶಿವನೇ! ಹೊರಗೆ ಬಟ್ಟಲು ತಿರುಗಿದರೆ ನಾನು ಮುಖ ಎತ್ತಿ ನೋಡ್ತಿರಲಿಲ್ಲ.

ಮೂರನೇ ದಿನ ಸಂಜೆ ಬಂದಳು. ಈ ಸಲ ಚಪ್ಪಲಿ ಬಿಟ್ಟು ಬಂದಳು.

"ಬುಧವಾರ, ಶುಕ್ರವಾರ ಎರಡೂ ನಿನ್ನ ಮಿಕ್ಸೀದೇ. ಗೆರೆಗೆ ಗೆರೆ ಹೊಂದ್ತು. ಎರಡನ್ನೂ ಪೇಪರಿಂದ ಕಿತ್ತಾಕ್ದೆ."

"ಸೋಮವಾರದ್ದು?"

"ಅದು ಮಿಕ್ಸಿ ಹಂಗಿಲ್ಲ. ಇಲ್ಲಿನ ಯಾವ ಯಂತ್ರದ ಹಂಗೂ ಇಲ್ಲ. ಅದು ಮೇಲಿಂದು ಕಣಜ್ಜಿ!"

ನನ್ನನ್ನ ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು. "ಲೇ, ಸೊಂಟ ಕಣೇ, ಬಿಡೇ!" ಅಂತ ಕೂಗ್ತಾನೇ ಅತ್ಬಿಟ್ಟೆ.

ಮೂರಿದ್ದದ್ದು ಒಂದಾಯ್ತು, ಆದರೂ ಪೇಪರ್ ಉಳ್ಕೊಳ್ತು. ಆಮೇಲೆ ಬೇರೆ ದೇಶದವರು ತಮ್ಮ ಬಟ್ಟಲನ್ನು ಅದೇ ಜಾಗಕ್ಕೆ ತಿರುಗಿಸಿದರೆ ಅವರಿಗೂ ಕೇಳಿಸಿತಂತೆ! ಅವರು ಬರೆದಾಗ ನಮ್ಮ ಹುಡುಗಿಯ ಹೆಸರನ್ನೂ ಬರೆದರು. ಈ ಸಂಸ್ಥೆಯಲ್ಲಿ ಬೆಳೆ ಅಂದರೆ ಅದೇ: ಎಷ್ಟು ಬರೆದರು ಅನ್ನೋದಷ್ಟೇ ಅಲ್ಲ, ಅದನ್ನು ನಂಬಿ ಯಾರು ಮುಂದಕ್ಕೆ ಬರೆದರು ಅನ್ನೋದು. ನಮ್ಮ ತೋಟದ ಬೀಜದ ಕಾಯಿ ಇನ್ಯಾರದೋ ಹೊಲದಲ್ಲಿ ಮೊಳೆತ ಹಾಗೆ. ಆ ಹಾಳೇನ ದೇವರ ಗೂಡಲ್ಲಿ ಇಟ್ಟಿದೀನಿ. ಇಂಗ್ಲಿಷು, ಒಂದಕ್ಷರ ತಿಳಿಯಲ್ಲ, ಅವಳು ತೋರಿಸಿಕೊಟ್ಟ ಅವಳ ಹೆಸರಿನ ಮೇಲೆ ಬೆರಳಾಡಿಸ್ತೀನಿ.

ಮಿಕ್ಸಿ ಸಿಂಗಟಗೆರೆಗೆ ವಾಪಸ್ ಹೋಯ್ತು. ಇಲ್ಲಿ ಶಾಂತಾಬಾಯಿ ಕೊಟ್ಟ ಪಾಟಾ ವರವಂಟಾದಲ್ಲಿ, ನಮ್ಮ ಅರೆಯೋ ಕಲ್ಲು ಗುಂಡು ಇದ್ದ ಹಾಗೆ, ಅರೀತೀನಿ. ಮೊನ್ನೆ ಊರಿಗೆ ಹೋದಾಗ ಮಿಕ್ಸಿ ಒತ್ತೋಕೆ ಹೋದ ಕೈ ನಿಂತುಬಿಡ್ತು. ಬಾಗಿಲಾಚೆ ನೋಡಿದರೆ ಬಟ್ಟಲಿಲ್ಲ, ಬರೀ ತೆಂಗು. ಇಲ್ಲಿ ಕಲ್ಲಿನ ಮುಂದೆ ಕೂತರೆ ಕಿವಿ ಕಡೂರು ಬಸ್ಸಿನ ಹಾರನ್ನಿಗೆ ಕಾಯುತ್ತೆ. ಸೋಮವಾರ ಮಾತ್ರ ಎರಡೂ ಕಡೆ ಒಂದೇ. ಅಲ್ಲಿ ಮಿಕ್ಸಿ ಸುಮ್ಮನಿರುತ್ತೆ, ಇಲ್ಲಿ ಕಲ್ಲು ಸುಮ್ಮನಿರುತ್ತೆ. ನಾನು ಎಲ್ಲಿದ್ದರೂ ಹೊಸಲಲ್ಲಿ ಕೂತು, ಆ ಬಟ್ಟಲುಗಳ ಹಾಗೆ, ಮೇಲಿಂದನ್ನ ಕೇಳಿಸ್ಕೊತಿರ್ತೀನಿ.